ಹನ್ನೊಂದು ಕಿಟಕಿ, ಒಂದು ಟೇಪು

“ಇದಕ್ಕೆ ಇಷ್ಟು ದುಡ್ಡೇ? ಮಡಿಕೆ ಹಾಕಿದ ಬಟ್ಟೆ ಅಲ್ಲವೇನ್ರೀ ಇದು!”

ಅಂಗಡಿಯಿಂದ ತಂದ ಮಾದರಿ ತುಂಡನ್ನು ಮಾವ ಎರಡು ಕೈಯಲ್ಲಿ ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ ನೋಡಿದರು. ಡಾಲರನ್ನು ರೂಪಾಯಿಗೆ ತಿರುಗಿಸಿ ಮನಸ್ಸಿನಲ್ಲೇ ಗುಣಿಸುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ದಾವಣಗೆರೆಯಲ್ಲಿ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರು ಅವರು. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಮಿನಿಯಾಪೊಲಿಸ್‌ಗೆ ಬಂದಿದ್ದರು. ಮಗಳು-ಅಳಿಯ ಈಚೆಗಷ್ಟೇ ಕೊಂಡ ಆ ಮನೆಗೆ ಹನ್ನೊಂದು ಕಿಟಕಿ, ಹಿತ್ತಿಲಿಗೆ ಜಾರುವ ಒಂದು ಗಾಜಿನ ಬಾಗಿಲು. ಹಿಂದಿದ್ದವರು ಪರದೆಗಳನ್ನೆಲ್ಲ ಬಿಚ್ಚಿಕೊಂಡು ಹೋಗಿದ್ದರಿಂದ ಸದ್ಯಕ್ಕೆ ಅತ್ತೆಯ ಹಳೆಯ ಸೀರೆಗಳೇ ಗಾಜನ್ನು ಮುಚ್ಚಿದ್ದವು.

“ಪಕ್ಕದಿಂದ ನೋಡಿ ಮಾವ,” ಎಂದ ಅಳಿಯ.

ಪಕ್ಕದಿಂದ ನೋಡಿದಾಗ ಗುಟ್ಟು ತಿಳಿಯಿತು. ಬಟ್ಟೆ ಒಂದಲ್ಲ, ಎರಡು ಪದರ. ನಡುವೆ ಸಾಲಾಗಿ ಕೊಳವೆಗಳು, ಜೇನುಗೂಡಿನ ಕೋಶಗಳ ಆಕಾರದಲ್ಲಿ. ಮೇಲೆತ್ತಿದರೆ ಎಲ್ಲ ಒಂದರ ಮೇಲೊಂದು ಮಡಚಿಕೊಂಡು ಕಿಟಕಿಯ ತಲೆಯಲ್ಲಿ ಕೂರುತ್ತವೆ. ಕೆಳಗೆ ಬಿಟ್ಟರೆ ಒಂದೊಂದು ಕೊಳವೆಯೂ ಬಾಯಿ ಬಿಚ್ಚಿ ಗಾಳಿ ತುಂಬಿಕೊಳ್ಳುತ್ತದೆ. ಇದನ್ನೇ ಇಲ್ಲಿ ಸೆಲ್ಯುಲರ್ ಶೇಡ್ ಎನ್ನುತ್ತಾರೆ. ಹನಿಕೋಂಬ್ ಶೇಡ್ ಎಂದರೂ ಅದೇ.

“ಓ, ಗಾಳಿಗೆ ದುಡ್ಡು ಕೊಡೋದು ಅನ್ನಿ.”

“ಅಲುಗದ ಗಾಳಿಗೆ ಮಾವ. ನೀವೇ ಹೇಳಬೇಕು, ಅದಕ್ಕಿಂತ ಅಗ್ಗದ ಶಾಖ ನಿರೋಧಕ ಯಾವುದಿದೆ?”

ಎಂಜಿನಿಯರಿಗೆ ಈ ಪ್ರಶ್ನೆ ಹಿಡಿಸಿತು. ಗಾಜು ದಾಟಿಸುವ ಶಾಖದಲ್ಲಿ ಸುಮಾರು 40ರಲ್ಲೊಂದು ಪಾಲನ್ನಷ್ಟೇ ನಿಂತ ಗಾಳಿ ದಾಟಿಸುತ್ತದೆ. ಕಷ್ಟವೆಂದರೆ ಗಾಳಿ ನಿಲ್ಲುವುದಿಲ್ಲ. ಬಿಸಿಯಾದದ್ದು ಮೇಲೇರುತ್ತದೆ, ತಣ್ಣಗಾದದ್ದು ಕೆಳಗಿಳಿಯುತ್ತದೆ, ಸುತ್ತುತ್ತ ಸುತ್ತುತ್ತ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಸಣ್ಣ ಕೋಶದೊಳಗೆ ಸಿಕ್ಕಿಬಿದ್ದರೆ ಸುತ್ತಲು ಜಾಗವಿಲ್ಲ. “ನಮ್ಮ ಕೌದಿ ಮಾಡೋದೂ ಇದನ್ನೇ. ಬಟ್ಟೆಯ ಮೇಲೆ ಬಟ್ಟೆ ಹೊಲಿದು ನಡುವೆ ಗಾಳಿ ಹಿಡಿದಿಡೋದು,” ಎಂದರು ಮಾವ. ಹಾಗಾದರೆ ಕೋಶ ದೊಡ್ಡದಾದಷ್ಟೂ ಲಾಭವೆಂದು ಅಂಗಡಿಯವ ಹೇಳಿದ್ದನ್ನು ಅವರು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಒಂದು ಅಳತೆ ಮೀರಿದರೆ ಕೋಶದೊಳಗೇ ಗಾಳಿ ಸುತ್ತಲು ಶುರುಮಾಡುತ್ತದೆ. ಒಂದೇ ದೊಡ್ಡ ಕೋಶಕ್ಕಿಂತ ಹಿಂದೊಂದು ಮುಂದೊಂದು ಇರುವ ಜೋಡಿ ಕೋಶ ವಾಸಿ ಎಂಬುದು ಅವರ ವಾದ.

ಮಾರುಕಟ್ಟೆಯಲ್ಲಿ ಎರಡೂ ಇವೆ. ಕೋಶದ ಅಳತೆ ಸಾಮಾನ್ಯವಾಗಿ ಇಂಚಿನ ಮೂರೆಂಟಾಂಶದಿಂದ ಮುಕ್ಕಾಲು ಇಂಚಿನವರೆಗೆ. ಚಿಕ್ಕ ಕಿಟಕಿಗೆ ಚಿಕ್ಕ ಕೋಶ ಚೆನ್ನಾಗಿ ಕಾಣುತ್ತದೆ, ಅಗಲದ ಕಿಟಕಿಗೆ ದೊಡ್ಡದು. ಜೋಡಿ ಕೋಶಕ್ಕೆ ಚೌಕಟ್ಟಿನಲ್ಲಿ ಆಳ ಹೆಚ್ಚು ಬೇಕು, ಬೆಲೆಯೂ ಹೆಚ್ಚು.

“ಇದನ್ನು ಕಂಡುಹಿಡಿದವರು ಯಾರು?”

1973ರ ತೈಲ ಬಿಕ್ಕಟ್ಟಿನ ನಂತರದ ವರ್ಷಗಳಲ್ಲಿ, ಮನೆ ಕಾಯಿಸುವ ಖರ್ಚು ಏರಿ ಅಮೆರಿಕದವರು ಗೋಡೆ, ಮಾಡು, ಕಿಟಕಿಗಳ ಸಂದುಗಳನ್ನೆಲ್ಲ ಹುಡುಕಿ ಮುಚ್ಚುತ್ತಿದ್ದ ಕಾಲದ ಸೃಷ್ಟಿ ಇದು ಎಂದ ಅಳಿಯ. ಹಂಟರ್ ಡಗ್ಲಾಸ್ ಕಂಪನಿ 1985ರಲ್ಲಿ ‘ಡ್ಯುಯೆಟ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟ ಮೇಲೆ ಅದು ಮನೆಮನೆಗೆ ಹೋಯಿತು. ಈಗ ಹತ್ತಾರು ಕಂಪನಿಗಳು ಮಾಡುತ್ತವೆ.

ಮಾವ ಕನ್ನಡಕ ಏರಿಸಿಕೊಂಡು ಪೆನ್ನು ಕೇಳಿದರು. “ಉಳಿತಾಯ ಎಷ್ಟು, ಅದನ್ನು ಹೇಳಿ.”

ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಮನೆ ಕಾಯಿಸಲು ಸುಡುವ ಇಂಧನದಲ್ಲಿ ಸುಮಾರು ಶೇ. 30 ಕಿಟಕಿಗಳ ಮೂಲಕ ಹೊರಗೆ ಹೋಗುತ್ತದೆ. ಬಿಗಿಯಾಗಿ ಕೂರಿಸಿದ ಸೆಲ್ಯುಲರ್ ಶೇಡ್ ಕಿಟಕಿಯ ಆ ನಷ್ಟವನ್ನು ಶೇ. 40 ಅಥವಾ ಅದಕ್ಕಿಂತ ಹೆಚ್ಚು ತಗ್ಗಿಸಬಲ್ಲದು. ಮಾವ ಹಳೆಯ ಲಕೋಟೆಯ ಹಿಂಬದಿಯಲ್ಲಿ ಗುಣಿಸಿದರು: 30ರಲ್ಲಿ ಶೇ. 40 ಅಂದರೆ 12.

“ಅದಕ್ಕಿಂತ ಹೆಚ್ಚೂ ಆಗಬಹುದಲ್ಲ ಮಾವ.”

“ಆಗಲಿ. ನೀವು ಹನ್ನೆರಡು ಅಂದುಕೊಂಡು ಕೊಳ್ಳಿ. ಅದೂ ಯಾವಾಗ? ಬಿಗಿಯಾಗಿ ಕೂರಿಸಿದಾಗ, ರಾತ್ರಿಯೆಲ್ಲ ಮುಚ್ಚಿದ್ದಾಗ. ಸಂದು ಬಿಟ್ಟರೆ ಲೆಕ್ಕವೇ ಬೇರೆ.”

ಸಂದಿನ ಮಾತಿನಲ್ಲಿ ಹುರುಳಿತ್ತು. ಗಾಜಿಗೂ ಪರದೆಗೂ ನಡುವಿನ ಗಾಳಿ ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತದೆ, ಅಡಿಯ ಸಂದಿನಿಂದ ನೆಲಕ್ಕೆ ಹರಿಯುತ್ತದೆ. ಆ ಜಾಗ ತುಂಬಲು ಮೇಲಿನಿಂದ ಕೋಣೆಯ ಬೆಚ್ಚನೆಯ ಗಾಳಿ ಒಳನುಗ್ಗುತ್ತದೆ. ಚೌಕಟ್ಟಿನೊಳಗೆ ಕೂರಿಸಿದ ಪರದೆ ಸರಾಗವಾಗಿ ಓಡಾಡಬೇಕಾದರೆ ಎರಡೂ ಪಕ್ಕ ಒಂದಿಷ್ಟು ಸಂದು ಇದ್ದೇ ಇರುತ್ತದೆ. ಅದನ್ನು ಮುಚ್ಚಲು ಪಕ್ಕದ ಹಳಿಗಳು ಸಿಗುತ್ತವೆ, ಪರದೆಯ ಅಂಚು ಅವುಗಳೊಳಗೇ ಜಾರುತ್ತದೆ. ಎಲ್ಲ ಕಂಪನಿಗಳೂ ಕೊಡುವುದಿಲ್ಲ, ಕೊಡುವವರು ಬೇರೆ ಬೆಲೆ ಹಾಕುತ್ತಾರೆ. ಎರಡನೆಯ ದಾರಿಯೆಂದರೆ ಪರದೆಯನ್ನು ಚೌಕಟ್ಟಿನ ಹೊರಗೆ, ಗೋಡೆಯ ಮೇಲೆ, ಎಲ್ಲ ಪಕ್ಕಕ್ಕೂ ಒಂದೆರಡು ಇಂಚು ಹೆಚ್ಚಾಗಿ ಕೂರಿಸುವುದು.

ಬಾಣಂತಿ ಕೋಣೆಯಿಂದ ಮಗಳ ದನಿ ಬಂತು. “ಅಪ್ಪಾ, ಶಾಸ್ತ್ರ ಸಾಕು. ಮೊದಲು ಮಗುವಿನ ಕೋಣೆ ನೋಡಿ.”

ಮಗುವಿನ ಕೋಣೆ ಪೂರ್ವಕ್ಕೆ. ಜೂನ್ ತಿಂಗಳಲ್ಲಿ ಇಲ್ಲಿ ಬೆಳಗಿನ ಐದೂವರೆಗೆಲ್ಲ ಸೂರ್ಯ ಹುಟ್ಟಿರುತ್ತಾನೆ. ಆದ್ದರಿಂದ ಬ್ಲ್ಯಾಕೌಟ್ ಬಟ್ಟೆ ಬೇಕೆಂದು ಮಗಳ ಹಟ. ಈ ಬಗೆಯಲ್ಲಿ ಕೋಶದ ಒಳಮೈಗೆ ಲೋಹದ ಲೇಪವಿರುವ ತೆಳು ಹಾಳೆ ಇರುತ್ತದೆ. ಬೆಳಕನ್ನು ತಡೆಯುವುದರ ಜೊತೆಗೆ ಶಾಖದ ಕಿರಣಗಳನ್ನೂ ಹಿಂದಕ್ಕೆ ಅಟ್ಟುವುದರಿಂದ ಚಳಿ ಹಿಡಿಯುವುದರಲ್ಲೂ ಇದು ಬರೀ ಬಟ್ಟೆಯದಕ್ಕಿಂತ ಒಂದು ಕೈ ಮೇಲು. ಕತ್ತಲೆ ಪೂರ್ತಿ ಬೇಕಿದ್ದರೆ ಇಲ್ಲಿಯೂ ಪಕ್ಕದ ಹಳಿ ಬೇಕು. ಇಲ್ಲದಿದ್ದರೆ ಎರಡು ಅಂಚಿನಲ್ಲೂ ಬೆಳಕಿನ ಗೆರೆ ಉಳಿಯುತ್ತದೆ.

“ಕನ್ನಡ ಸಂಘದ ಗೆಳೆಯರೊಬ್ಬರು ತಮ್ಮ ಹಳೆಯ ಶೇಡುಗಳನ್ನು ಪುಕ್ಕಟೆ ಕೊಡ್ತಾರಂತಲ್ಲ, ಈ ಕೋಣೆಗೆ ಅವೇ ಸಾಲದೇ?” ಎಂದರು ಮಾವ.

“ಬೇಡ,” ಎಂದು ಮಗಳು, ಅಳಿಯ ಒಟ್ಟಿಗೇ ಹೇಳಿದರು.

ಹಳೆಯವಕ್ಕೆ ಎಳೆಯುವ ಹಗ್ಗವಿದೆ. ಕಿಟಕಿಯ ಪರದೆಯ ಹಗ್ಗ ಕುತ್ತಿಗೆಗೆ ಸುತ್ತಿಕೊಂಡು ಅಮೆರಿಕದಲ್ಲಿ ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ವರ್ಷಕ್ಕೆ ಸರಾಸರಿ ಒಂಬತ್ತು ಮಂದಿ ಸಾಯುತ್ತಾರೆ ಎಂದು ಅಲ್ಲಿಯ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ವರ್ಷವರ್ಷ ಎಚ್ಚರಿಸುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪರದೆಗಳಲ್ಲಿ ಕೈಗೆಟುಕುವ ಹಗ್ಗ ಇರಬಾರದೆಂಬ ಮಾನದಂಡ 2018ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅಳತೆ ಕೊಟ್ಟು ಮಾಡಿಸುವವನ್ನೂ ಹೆಚ್ಚುಕಡಿಮೆ ಅದೇ ಕಟ್ಟಿನೊಳಗೆ ತಂದ ಮಾನದಂಡ 2024ರ ಜೂನ್‌ನಿಂದ ಅನ್ವಯವಾಗುತ್ತಿದೆ. ಈಗಿನವನ್ನು ಅಡಿಪಟ್ಟಿ ಹಿಡಿದು ಎತ್ತುವುದು, ಇಳಿಸುವುದು, ಅಷ್ಟೇ. ತೊಟ್ಟಿಲನ್ನೂ ಮಂಚವನ್ನೂ ಕಿಟಕಿಯ ಬುಡದಿಂದ ದೂರ ಸರಿಸಬೇಕೆಂಬ ಸಲಹೆ ಬೇರೆ. ಗೆಳೆಯರ ಉಡುಗೊರೆಯ ವಿಚಾರ ಅಲ್ಲಿಗೆ ಮುಗಿಯಿತು.

ದಕ್ಷಿಣದ ಹಜಾರಕ್ಕೆ ಬಂದಾಗ ಲೆಕ್ಕ ತಿರುಗಿತು. ಮೂರು ದೊಡ್ಡ ಕಿಟಕಿ, ಎಲ್ಲದರಲ್ಲೂ ಬಿಸಿಲು.

“ಇಲ್ಲಿ ಏನೂ ಬೇಡವಲ್ಲ?” ಎಂದರು ಮಾವ. ಹೊರಗೆ ಮೈನಸ್ ಹದಿನೆಂಟಿದ್ದರೂ ಅವರು ಕುಳಿತ ಸೋಫಾದ ಮೇಲೆ ಮೈ ಕಾಯಿಸುವಷ್ಟು ಬಿಸಿಲು ಬಿದ್ದಿತ್ತು.

ಮಿನಿಯಾಪೊಲಿಸ್ ಇರುವುದು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಹಗಲು ಇಲ್ಲಿ ಸೂರ್ಯ ದಿಗಂತದಿಂದ ಬರೀ 21-22 ಡಿಗ್ರಿ ಮೇಲೆ. ದಾವಣಗೆರೆಯಲ್ಲಿ ಅದೇ ದಿನ 52. ಅಷ್ಟು ತಗ್ಗಿನಲ್ಲಿರುವ ಸೂರ್ಯ ದಕ್ಷಿಣದ ಕಿಟಕಿಯೊಳಗೆ ನೇರ ನುಗ್ಗುತ್ತಾನೆ, ಕಾಸಿಲ್ಲದೆ ಮನೆ ಕಾಯಿಸುತ್ತಾನೆ. ಹಗಲಿನಲ್ಲಿ ಇಲ್ಲಿ ಪರದೆ ಮುಚ್ಚಿದರೆ ನಷ್ಟ. ಕತ್ತಲಾದೊಡನೆ ಅದೇ ಗಾಜು ತೂತಾಗುತ್ತದೆ. ಶಾಖ ತಡೆಯುವ ಶಕ್ತಿಯನ್ನು ಇಲ್ಲಿ ಆರ್ ಮೌಲ್ಯದಿಂದ ಅಳೆಯುತ್ತಾರೆ. ಒಂಟಿ ಗಾಜಿಗೆ ಅದು ಸುಮಾರು 1, ಸಾದಾ ಜೋಡಿ ಗಾಜಿಗೆ 2. ಈ ಊರಿನ ಹೊಸ ಮನೆಗಳ ಗೋಡೆಗೆ 20.

“ಅಂದರೆ ಬೆಳಿಗ್ಗೆ ಎತ್ತಬೇಕು, ಸಂಜೆ ಇಳಿಸಬೇಕು. ದಿನಾ.”

“ದಿನಾ.”

“ಮಾಡ್ತೀರಾ?”

ಅಳಿಯ ತಕ್ಷಣ ಉತ್ತರ ಕೊಡಲಿಲ್ಲ. ಮನೆಗಳ ಪರದೆಗಳಲ್ಲಿ ಶೇ. 75ರಷ್ಟು ದಿನವೂ ಇದ್ದ ಹಾಗೇ ಇರುತ್ತವೆ, ಯಾರೂ ಮುಟ್ಟುವುದಿಲ್ಲ ಎಂದು ಇದೇ ಇಂಧನ ಇಲಾಖೆ ಹೇಳುತ್ತದೆ. ವಾಷಿಂಗ್ಟನ್ ರಾಜ್ಯದ ರಿಚ್‌ಲ್ಯಾಂಡ್‌ನಲ್ಲಿರುವ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ಅಕ್ಕಪಕ್ಕದಲ್ಲಿ ಒಂದೇ ತದ್ರೂಪಿನ ಎರಡು ಮನೆ ಕಟ್ಟಿಸಿ, ಒಂದಕ್ಕೆ ಸೆಲ್ಯುಲರ್ ಶೇಡ್ ಹಾಕಿ ಇನ್ನೊಂದರೊಡನೆ ಹೋಲಿಸಿ ನೋಡಿತ್ತು. ಅಲ್ಲಿ ಪರದೆಯ ಗುಣದಷ್ಟೇ ಅದನ್ನು ಯಾವ ಹೊತ್ತಿಗೆ ಎತ್ತುತ್ತಾರೆ, ಇಳಿಸುತ್ತಾರೆ ಎಂಬುದನ್ನೂ ಪರೀಕ್ಷೆಗೆ ಹಚ್ಚಿದ್ದರು. ಎತ್ತಿ ಇಳಿಸುವ ಕೈ ಇಲ್ಲದ ಮನೆಯಲ್ಲಿ ಎಷ್ಟು ಒಳ್ಳೆಯ ಪರದೆ ಹಾಕಿದರೂ ಅರ್ಧ ದುಡ್ಡು ನೀರಿಗೆ ಹೋದಂತೆಯೇ.

ಮಾವ ಲಕೋಟೆಯ ಮೇಲೆ ಹೊಸ ಪಟ್ಟಿ ಎಳೆದರು. ಮೊದಲ ಕಾಲಂ ಕಿಟಕಿ, ಎರಡನೆಯದು ದಿಕ್ಕು, ಮೂರನೆಯದು ಯಾವ ಹೊತ್ತಿಗೆ ಮುಚ್ಚಬೇಕು, ನಾಲ್ಕನೆಯದು ಯಾರು ಮುಚ್ಚುತ್ತಾರೆ. ಬಟ್ಟೆಯ ಬಣ್ಣಕ್ಕೆ ಕಾಲಂ ಇರಲಿಲ್ಲ.

“ಬಣ್ಣ ನಾನು ನೋಡ್ಕೋತೀನಿ,” ಎಂದು ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಬಂದಳು. ಹೊರಮುಖಕ್ಕೆ ಮಾತ್ರ ಆಯ್ಕೆಯಿಲ್ಲ, ಬಿಳಿಯೇ. ಬೇಸಗೆಯಲ್ಲಿ ಬಿಳಿ ಬೆನ್ನು ಬಿಸಿಲನ್ನು ಗಾಜಿನ ಮೂಲಕವೇ ಹಿಂದಕ್ಕೆ ಕಳಿಸುತ್ತದೆ. ಬೀದಿಯಿಂದ ಎಲ್ಲ ಕಿಟಕಿಯೂ ಬಿಳಿಯಾಗಿಯೇ ಕಾಣಬೇಕೆಂದು ಬಡಾವಣೆಯ ಸಂಘಗಳು ಕಟ್ಟಳೆ ಮಾಡುವುದೂ ಉಂಟು. ಒಳಮುಖಕ್ಕೆ ಅವಳು ಗೋಧಿ ಬಣ್ಣ ಆರಿಸಿದಳು.

ಹಜಾರಕ್ಕೆ ಅವಳು ಕೇಳಿದ್ದು ಬೆಳಕು ಸೋಸುವ ಬಟ್ಟೆ, ಮೇಲಿನಿಂದಲೂ ಕೆಳಗಿನಿಂದಲೂ ತೆರೆಯುವ ಬಗೆಯದು. ಮೇಲಿನ ಅರ್ಧ ಇಳಿಸಿದರೆ ಆಕಾಶ, ಬೆಳಕು ಎರಡೂ ಒಳಗೆ; ಕೆಳಗಿನರ್ಧ ಮುಚ್ಚಿರುವುದರಿಂದ ಅತ್ತೆ ಮಗುವಿಗೆ ಎಣ್ಣೆ ಹಚ್ಚುತ್ತ ಕೂತಿದ್ದರೆ ಬೀದಿಯವರಿಗೆ ಕಾಣುವುದಿಲ್ಲ. ಸೋಸುವ ಬಟ್ಟೆಗೆ ಒಂದು ದೋಷವಿದೆ. ರಾತ್ರಿ ಒಳಗೆ ದೀಪ ಹಚ್ಚಿದರೆ ನೆರಳು ಹೊರಗೆ ಮೂಡುತ್ತದೆ. ಹಜಾರಕ್ಕೆ ಪರವಾಗಿಲ್ಲ, ಮಲಗುವ ಕೋಣೆಗೆ ಬೇಡ ಎಂದಾಯಿತು.

ಉತ್ತರದ ಮಲಗುವ ಕೋಣೆಗೆ ಚಳಿಗಾಲದುದ್ದಕ್ಕೂ ಒಂದು ಕಿರಣವೂ ಇಲ್ಲ. ಅಲ್ಲಿಯ ಎರಡು ಕಿಟಕಿಗೆ ಜೋಡಿ ಕೋಶ, ಪಕ್ಕದ ಹಳಿ. ಹಗಲೂ ಮುಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಅಳಿಯ ಕೇಳಿದಾಗ ಮಾವ ಎದ್ದು ಹೋಗಿ ಸೀರೆ ಸರಿಸಿದರು. ಗಾಜಿನ ಅಡಿಯಲ್ಲಿ ನೀರು ಇಳಿದು, ಮೂಲೆಯಲ್ಲಿ ಮಂಜುಗಡ್ಡೆ ಕಟ್ಟಿತ್ತು. ಮರದ ಚೌಕಟ್ಟಿನ ಅಂಚು ಕಪ್ಪಗಾಗಿತ್ತು.

“ನೋಡಿ. ತೆಳು ಸೀರೆಗೇ ಹೀಗೆ. ಕೋಣೆಯ ಬೆಚ್ಚನೆಯ ಗಾಳಿ ಗಾಜಿಗೆ ತಾಗದಂತೆ ನೀವು ತಡೀತೀರಿ. ಗಾಜು ಇನ್ನೂ ತಣ್ಣಗಾಗುತ್ತೆ. ಒಳಗಿನ ಆವಿ ಸಂದಿನಿಂದ ನುಸುಳಿ ಹೋಗಿ ಅಲ್ಲಿ ನೀರಾಗುತ್ತೆ. ಪರದೆ ಒಳ್ಳೆಯದಾದಷ್ಟೂ ನೀರು ಜಾಸ್ತಿ.”

ಈ ಮನೆಯಲ್ಲಿ ಆವಿಗೆ ಬರವಿಲ್ಲ. ಬಾಣಂತಿಗೆ ಬಿಸಿನೀರು, ಮೂರು ಹೊತ್ತು ಅನ್ನ-ಸಾರು, ಒಳಗೇ ಒಣಗುವ ಮಗುವಿನ ಬಟ್ಟೆ, ಮೇಲಿಂದ ಹ್ಯುಮಿಡಿಫೈಯರ್. ಹೊರಗೆ ಮೈನಸ್ 25ರ ಆಸುಪಾಸು ಇರುವ ರಾತ್ರಿ ಒಳಗಿನ ಆರ್ದ್ರತೆಯನ್ನು ಶೇ. 20ರ ಹತ್ತಿರಕ್ಕೆ ಇಳಿಸದಿದ್ದರೆ ಗಾಜು ಬೆವರದೆ ಇರುವುದಿಲ್ಲ. ಉಪಾಯ ಸರಳ: ಕಡುಚಳಿಯ ರಾತ್ರಿ ಅಡಿಪಟ್ಟಿಯನ್ನು ಒಂದಿಂಚು ಎತ್ತಿಡುವುದು, ಬೆಳಿಗ್ಗೆ ಪೂರ್ತಿ ಎತ್ತಿ ಗಾಜು ಒಣಗಲು ಬಿಡುವುದು, ಅಡುಗೆಮನೆಯ ಫ್ಯಾನ್ ಹಾಕುವುದು. ಉಳಿತಾಯದಲ್ಲಿ ಕೊಂಚ ಕಡಿಮೆಯಾಗುತ್ತದೆ, ಚೌಕಟ್ಟು ಉಳಿಯುತ್ತದೆ. ಉತ್ತರದ ಕಿಟಕಿಗಳಿಂದ ಪಕ್ಕದ ಹಳಿ ಹೊಡೆದುಹಾಕಿದ ಮಾವ, ಜೋಡಿ ಕೋಶವನ್ನು ಉಳಿಸಿದರು.

ಪಶ್ಚಿಮದ ಓದುವ ಕೋಣೆಯ ಎರಡು ಕಿಟಕಿಗೆ ಬೇಸಗೆಯೇ ಶತ್ರು. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತಕ್ಕೆ. ಸಾದಾ ಜೋಡಿ ಗಾಜಿನ ಮೇಲೆ ಬೀಳುವ ಬಿಸಿಲಿನಲ್ಲಿ ಸುಮಾರು ಶೇ. 76 ಒಳಗೆ ಬಂದು ಶಾಖವಾಗುತ್ತದೆ. ಬಿಗಿಯಾಗಿ ಕೂತ ಸೆಲ್ಯುಲರ್ ಶೇಡ್ ಅದರಲ್ಲಿ ಶೇ. 80ರವರೆಗೆ ತಡೆಯಬಲ್ಲದು ಎನ್ನುತ್ತದೆ ಇಲಾಖೆ. ಇಲ್ಲಿ ಒಂಟಿ ಕೋಶ ಸಾಕು, ಒಳಗೆ ಲೋಹದ ಹಾಳೆ ಇರಲಿ ಎಂದು ಬರೆದುಕೊಂಡರು. ಕೊಳ್ಳುವಾಗ ಎಇಆರ್‌ಸಿ ಎಂಬ ಸಂಸ್ಥೆಯ ಚೀಟಿ ನೋಡಬೇಕೆಂದು ಅಳಿಯ ಸೇರಿಸಿದ. ಚಳಿಯ ಸೀಮೆಗೆ ಒಂದು ಅಂಕ, ಸೆಕೆಯ ಸೀಮೆಗೆ ಇನ್ನೊಂದು, ಹೆಚ್ಚಿದ್ದಷ್ಟೂ ಒಳ್ಳೆಯದು. ಜಾಹೀರಾತಿನ ಮಾತು ಬಿಟ್ಟು ಎರಡು ಕಂಪನಿಗಳ ಮಾಲನ್ನು ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ.

ಹಿತ್ತಿಲ ಬಾಗಿಲಿಗೆ ಮೇಲೆತ್ತುವ ಪರದೆ ತೊಡಕು. ಹಿಮ ಗೋರಲು ಹೋಗುವವರು ಪ್ರತಿ ಸಲ ಅದನ್ನು ತಲೆಯೆತ್ತರಕ್ಕೆ ಎತ್ತಬೇಕು. ಪಕ್ಕಕ್ಕೆ ಸರಿಯುವ, ಕೋಶಗಳು ನೆಟ್ಟಗೆ ನಿಂತ ಬಗೆ ಅದಕ್ಕೆ ಸರಿ. ಬಚ್ಚಲ ಕಿಟಕಿಯದು ಮಸುಕು ಗಾಜು, ಏನೂ ಬೇಡ. ಉಳಿದದ್ದು ಅಡುಗೆಮನೆಯ ಸಿಂಕಿನ ಮೇಲಿನ ಒಂದು.

ಅಲ್ಲಿಯವರೆಗೆ ಸುಮ್ಮನಿದ್ದ ಅತ್ತೆ ಸೌಟು ಹಿಡಿದೇ ಬಂದರು. “ಇದನ್ನ ತೊಳೆಯೋದು ಹೇಗೆ?”

ಬ್ರಷ್ ಹಾಕಿದ ವ್ಯಾಕ್ಯೂಮಿನಿಂದ ಧೂಳು ಎಳೆಯಬಹುದು. ಕಲೆಯಾದರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಬಹುದು. ಬ್ಲ್ಯಾಕೌಟ್ ಬಟ್ಟೆಯನ್ನು ನೀರಿನಲ್ಲಿ ಮುಳುಗಿಸುವ ಹಾಗಿಲ್ಲ. ಬೇಸಗೆಯಲ್ಲಿ ಕೊಳವೆಯ ತೆರೆದ ತುದಿಯಿಂದ ಹುಳುಗಳು ಒಳಹೊಕ್ಕು ಸಾಯುತ್ತವೆ, ಬೆಳಕಿಗೆ ಕಪ್ಪು ಚುಕ್ಕೆಯಾಗಿ ಕಾಣುತ್ತವೆ. ಹೇರ್ ಡ್ರೈಯರಿನ ತಣ್ಣನೆಯ ಗಾಳಿಯನ್ನು ಒಂದು ತುದಿಯಿಂದ ಊದಿ ಇನ್ನೊಂದು ತುದಿಯಿಂದ ಹೊರಹಾಕಬೇಕು. ಅಳಿಯ ಇಷ್ಟು ಹೇಳುವಷ್ಟರಲ್ಲಿ ಅತ್ತೆ ಕೈ ಅಡ್ಡ ತೋರಿಸಿದರು.

“ಒಗ್ಗರಣೆ ಜಿಡ್ಡು ಇದಕ್ಕೆ ಒಂದು ಸಲ ಹತ್ತಿದರೆ ಮುಗೀತು. ನನ್ನ ಕಿಟಕಿಗೆ ಒರೆಸೋಕೆ ಬರೋ ಅಂಥದ್ದು ಏನಾದರೂ ಹಾಕಿ.”

ಅಳತೆ ತೆಗೆಯುವಾಗ ಮಾವ ಚುರುಕಾದರು. ಒಂದು ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನು ಬರೆಸಿದರು. ಎತ್ತರವನ್ನೂ ಮೂರು ಕಡೆ ಅಳೆದು ಅತಿ ಹೆಚ್ಚಿನದನ್ನು. ಮರ ವರ್ಷಗಳಲ್ಲಿ ಎಳೆದುಕೊಂಡಿರುತ್ತದೆ, ಯಾವ ಚೌಕಟ್ಟೂ ನಿಜವಾದ ಚೌಕವಲ್ಲ. ಲೆಕ್ಕ ನೂಲಿನದು, ಅಂದರೆ ಇಂಚಿನ ಎಂಟನೇ ಒಂದು ಭಾಗ. ಬಟ್ಟೆಯ ಟೇಪು ಹಿಗ್ಗುತ್ತದೆಂದು ಉಕ್ಕಿನದನ್ನೇ ಕೇಳಿ ಪಡೆದರು. ಅಳಿಯ ಪಕ್ಕದ ಸಂದಿಗೆಂದು ಅರ್ಧ ಇಂಚು ಕಳೆಯಲು ಹೊರಟಾಗ ತಡೆದವಳು ಮಗಳು. ಚೌಕಟ್ಟಿನೊಳಗಿನ ಪರದೆಗೆ ಕಂಪನಿಯವರೇ ಸಂದು ಕಳೆದು ಕತ್ತರಿಸುತ್ತಾರೆ. ನಾವೂ ಕಳೆದರೆ ಎರಡು ಸಲ ಕಳೆದಂತೆ. ಚೌಕಟ್ಟಿನ ಆಳವನ್ನು ಕೊನೆಗೆ ಅಳೆದರು. ಜೋಡಿ ಕೋಶದ ತಲೆಪಟ್ಟಿ ಉತ್ತರದ ಕಿಟಕಿಯಲ್ಲಿ ಪೂರ್ತಿ ಒಳಗೆ ಕೂರದೆ ಕೊಂಚ ಹೊರಚಾಚುತ್ತದೆಂದು ಗೊತ್ತಾಯಿತು, ಚಾಚಲಿ ಎಂದರು.

ಟೇಪು ಸುತ್ತಿಟ್ಟ ಮೇಲೆ ಮಾವ ಬೇರೆ ಪ್ರಶ್ನೆ ತೆಗೆದರು. “ಬೆಂಗಳೂರಿನ ನಮ್ಮ ಫ್ಲಾಟಿನ ಪಶ್ಚಿಮದ ಕೋಣೆಗೆ ಇಂಥದ್ದೇ ಒಂದು ಹಾಕಿಸಿದರೆ? ಏಪ್ರಿಲ್ ಸಂಜೆ ಅಲ್ಲಿ ಕೂರೋಕಾಗಲ್ಲ.”

“ಅಲ್ಲಿ ನೀವು ಸಂಜೆ ಕಿಟಕಿ ತೆಗೀತೀರೋ ಇಲ್ಲವೋ?”

“ತೆಗೀದೆ? ಗಾಳಿ ಬರೋದೇ ಆಗ.”

“ಇದು ಬಿಗಿಯಾಗಿದ್ದರೆ ಮಾತ್ರ ಕೆಲಸ ಮಾಡುತ್ತೆ ಮಾವ. ಬಿಗಿಯಾಗಿದ್ದರೆ ಗಾಳಿ ಬರಲ್ಲ. ಕಿಟಕಿ ತೆಗೆದರೆ ಗಾಳಿಗೆ ಬಡ್ಕೊಳ್ಳುತ್ತೆ, ರಸ್ತೆ ಧೂಳೆಲ್ಲ ಕೋಶದೊಳಗೆ.”

ಮಾವ ಅದನ್ನು ಮುಂದುವರಿಸಿದರು. ಬಿಸಿಲು ಗಾಜು ದಾಟಿ ಒಳಬಂದ ಮೇಲೆ ಅದನ್ನು ತಡೆಯುವುದಕ್ಕಿಂತ ಗಾಜಿನ ಹೊರಗೇ ತಡೆಯುವುದು ಮೇಲು. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ದಕ್ಷಿಣದ ಕಿಟಕಿಗೆ ಒಂದೂವರೆ ಅಡಿಯ ಸಜ್ಜಾ ಬಹುಪಾಲು ಬಿಸಿಲನ್ನು ನಿಭಾಯಿಸುತ್ತದೆ; ಪಶ್ಚಿಮದ ತಗ್ಗು ಸೂರ್ಯನಿಗೆ ಸಜ್ಜಾ ಲೆಕ್ಕಕ್ಕಿಲ್ಲ, ಅಲ್ಲಿ ಜಾಲಿಯೋ ಹೊರಗೆ ಇಳಿಬಿಟ್ಟ ಬಿದಿರಿನ ತಟ್ಟಿಯೋ ಬೇಕು, ಬೀದಿಯಲ್ಲೊಂದು ಹೊಂಗೆ ಮರವಿದ್ದರೆ ಇನ್ನೂ ಒಳ್ಳೆಯದು. ಗೋಡೆ-ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವಾಟ್‌ನ ಮಿತಿ ಹಾಕಿದ ಭಾರತದ ವಸತಿ ಕಟ್ಟಡಗಳ 2018ರ ಇಕೋ ನಿವಾಸ್ ಸಂಹಿತೆಯೂ ಹೊರಗಿನ ನೆರಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಎಸಿ ಹಾಕಿ ಕಿಟಕಿ ಮುಚ್ಚಿಯೇ ಮಲಗುವ ಕೋಣೆಯಿದ್ದರೆ ಅಲ್ಲಿಗೆ ಸೆಲ್ಯುಲರ್ ಶೇಡ್ ಸರಿ. ಅವರ ಫ್ಲಾಟಿನಲ್ಲಿ ಎಸಿ ಇರಲಿಲ್ಲ. ಹೊರಗೆ ತಟ್ಟಿ ಕಟ್ಟಲು ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಕೇಳುವ ಪತ್ರವನ್ನು ಅವರು ಅದೇ ಲಕೋಟೆಯ ಉಳಿದ ಮೂಲೆಯಲ್ಲಿ ಗೀಚಿಟ್ಟುಕೊಂಡರು.

ರಾತ್ರಿ ಆರ್ಡರ್ ಹಾಕುವಾಗ ನಾಲ್ಕನೆಯ ಕಾಲಂ ಮತ್ತೆ ಚರ್ಚೆಗೆ ಬಂತು. ಪೂರ್ವ, ಉತ್ತರದ್ದು ಮಗಳ ಪಾಲಿಗೆ, ಪಶ್ಚಿಮ ಅಳಿಯನಿಗೆ. ದಕ್ಷಿಣದ ಮೂರಕ್ಕೆ ಮಾವ ತಾವೇ ನಿಂತರು; ವೀಸಾ ಮುಗಿದು ಊರಿಗೆ ಹೊರಟ ಮೇಲೆ ಯಾರು ಎಂದು ಮಗಳು ಕೇಳಿದಳು. ಕತ್ತಲಾಗುವ ಹೊತ್ತಿಗೆ ತಾನೇ ಇಳಿಯುವ ಮೋಟಾರು ಇರುವಂಥದ್ದು ಸಿಗುತ್ತದೆ, ಬೆಲೆ ಜಾಸ್ತಿ. ಮೂವರೂ ಗುಣಿಸಿ ನೋಡಿ, ಆ ಮೂರಕ್ಕೆ ಮಾತ್ರ ಮೋಟಾರು ಹಾಕಿಸಿ, ಉಳಿದವಕ್ಕೆ ಕೈಯೇ ಇರಲಿ ಎಂದು ಒಪ್ಪಿದರು. ಹಣ ಕಟ್ಟುವ ಗುಂಡಿ ಒತ್ತುವ ಮೊದಲು ಅಳಿಯ ಪಟ್ಟಿಯನ್ನು ಗಟ್ಟಿಯಾಗಿ ಓದಿದ: ಒಂಬತ್ತು ಕಿಟಕಿ, ಒಂದು ಬಾಗಿಲು. ಅಡುಗೆಮನೆಯದಕ್ಕೆ ಅಲ್ಯೂಮಿನಿಯಂ ಪಟ್ಟಿಯ ಬ್ಲೈಂಡ್ ಬೇರೆ ಅಂಗಡಿಯಿಂದ, ಅತ್ತೆ ಖುದ್ದು ಮುಟ್ಟಿ ನೋಡಿ ಒಪ್ಪಿದ ಮೇಲೆ.